ಬಲಕ್ಕೆ ತಿರುಗ್ಬೇಕಾದ್ರೆ ಅಕ್ಕಿ ಮೂಟೆ ಬೇಕು

ಹೋದ ತಿಂಗಳು ಇಂಡಿಯನ್ ಅಂಗಡಿಯಿಂದ 20 ಕೆಜಿದು ಎರಡು ಸೋನಾಮಸೂರಿ ಮೂಟೆ ತಂದೆ. ಎರಡೂ ಅಡುಗೆಮನೆಗೆ ಹೋಗ್ಲಿಲ್ಲ, ಸೀದಾ ಪಕ್ಕದ ಮನೆ ಅಜ್ಜನ ಗ್ಯಾರೇಜಿಗೆ ಹೋದ್ವು. ಹೆಂಡತಿ ಬಾಲ್ಕನಿಯಿಂದ ನೋಡ್ತಾ ಇದ್ಲು, "ರೀ, ಅವ್ರಿಗೆ ಅಕ್ಕಿ ಮಾರ್ತಾ ಇದೀರಾ?" ಅಂದ್ಲು. ಇಲ್ಲ ಕಣೇ, ಗಾಡಿಗೆ ಬೇಕು ಅಂದೆ. ಅದಾದ್ಮೇಲೆ ಅವಳು ಏನೂ ಕೇಳ್ಲಿಲ್ಲ, ಒಳಗೆ ಹೋಗಿ ಬಾಗಿಲು ಹಾಕ್ಕೊಂಡ್ಲು.

ನಾವಿರೋದು ಜರ್ಮನಿಯ ಹೈಲ್‌ಬ್ರಾನ್ ಹತ್ರ ಒಂದು ಸಣ್ಣ ಊರು, ಸುತ್ತ ಗುಡ್ಡದ ತುಂಬ ದ್ರಾಕ್ಷಿ ತೋಟ, ಕೆಳಗೆ ನೆಕ್ಕರ್ ನದಿ. ಅಜ್ಜನಿಗೆ ಎಂಬತ್ತು ದಾಟಿದೆ. ಅವರ ಗ್ಯಾರೇಜಲ್ಲಿ ಕಾರಿಲ್ಲ, ಕಾರು ಮಳೇಲಿ ನೆನೀತಾ ರಸ್ತೆ ಬದೀಲಿ ನಿಂತಿರುತ್ತೆ. ಒಳಗಡೆ ಬೆಚ್ಚಗೆ ಕೂತಿರೋದು ಕೀವ್ ಫ್ಯಾಕ್ಟರಿಯ ಕೆ-750 ಅನ್ನೋ ಹಳೇ ಸೋವಿಯತ್ ಬೈಕ್, ಪಕ್ಕಕ್ಕೆ ಕೂರಿಸಿದ ಒಂದು ಗಾಲಿಯ ತೊಟ್ಟಿ, ಅಂದ್ರೆ ಸೈಡ್‌ಕಾರ್ ಸಮೇತ. ಬರ್ಲಿನ್ ಗೋಡೆ ಬಿದ್ದ ಮೇಲೆ ಪೂರ್ವದ ಕಡೆಯಿಂದ ಇಂಥ ಗಾಡಿಗಳು ಚಿಲ್ಲರೆ ದುಡ್ಡಿಗೆ ಸಿಗ್ತಿದ್ವಂತೆ, ಆಗ ತಗೊಂಡಿದ್ದು. ನಂಬರ್ ಪ್ಲೇಟ್ ಕೊನೇಲಿ ಒಂದು ಎಚ್ ಇದೆ, ಮೂವತ್ತು ವರ್ಷ ದಾಟಿ ಇನ್ನೂ ಮೊದಲಿನ ಸ್ಥಿತೀಲೇ ಇರೋ ಗಾಡಿಗೆ ಇಲ್ಲಿ ಕೊಡೋ ಮರ್ಯಾದೆ ಅದು.

ಎರಡು ವರ್ಷದ ಹಿಂದೆ ಮೊದಲ ಸಲ ಅದರ ಸದ್ದು ಕೇಳ್ದಾಗ ಯಾರೋ ಪಂಪ್‌ಸೆಟ್ ಸ್ಟಾರ್ಟ್ ಮಾಡಿದ್ರು ಅಂದ್ಕೊಂಡೆ. ತೋಟದಲ್ಲಿ ನೀರೆತ್ತೋ ಮೋಟರ್ ಥರ ಡುಗುಡುಗುಡುಗು, ಅವಸರವೇ ಇಲ್ಲ. ಇಳಿದು ಹೋಗಿ ನೋಡ್ತೀನಿ, ಎರಡು ಸಿಲಿಂಡರ್ ಎಡಕ್ಕೊಂದು ಬಲಕ್ಕೊಂದು ಕಿವಿ ಥರ ಹೊರಗೆ ಚಾಚ್ಕೊಂಡಿವೆ, ಸೈಕಲ್ ಸೀಟಿನ ಹಾಗೆ ಸ್ಪ್ರಿಂಗ್ ಇರೋ ರಬ್ಬರ್ ಸೀಟು, ಸೈಡ್‌ಕಾರಿನ ಹಿಂದೆ ಸ್ಟೆಪ್ನಿ. ಆ ಸ್ಟೆಪ್ನಿ ಸೇರಿ ನಾಲ್ಕೂ ಚಕ್ರ ಒಂದೇ ಸೈಜು, ಯಾವುದನ್ನ ಎಲ್ಲಿಗೆ ಬೇಕಾದ್ರೂ ಹಾಕಬಹುದು. ಕಿಕ್ಕರ್ ನಮ್ಮ ಬೈಕಿನ ಹಾಗೆ ಹಿಂದಕ್ಕೆ ಹೋಗಲ್ಲ, ಪಕ್ಕಕ್ಕೆ, ಗಾಡಿಗೆ ಅಡ್ಡವಾಗಿ ಒದೀಬೇಕು. ಅಲ್ಲೇ ಬಿದ್ದೆ ನಾನು, ಅವತ್ತಿನಿಂದ ಎದ್ದಿಲ್ಲ.

ನಿಜ ಹೇಳ್ಬೇಕಂದ್ರೆ ಈ ಹುಚ್ಚಿನ ಬೀಜ ಮೈಸೂರಿನದೇ. ನಮ್ಮ ಸೋದರಮಾವನ ಹತ್ರ ಸೈಡ್‌ಕಾರ್ ಕೂರಿಸಿದ ಬಜಾಜ್ ಚೇತಕ್ ಇತ್ತು, ಮಾವ, ಅತ್ತೆ, ಮೂರು ಮಕ್ಕಳು ಜೊತೆಗೆ ನಾನು, ಒಟ್ಟು ಆರು ಜನ ಚಾಮುಂಡಿ ಬೆಟ್ಟಕ್ಕೆ ಹೋಗಿದ್ದೀವಿ. ಸೈಡ್‌ಕಾರಿನ ನೆಲದಲ್ಲಿ ತುಕ್ಕು ಹಿಡಿದು ಒಂದು ತೂತಾಗಿತ್ತು, ಅದರಲ್ಲಿ ರಸ್ತೆ ಓಡೋದನ್ನ ನೋಡ್ತಾ ಕೂರ್ತಿದ್ದೆ. ಅಪ್ಪನ ಹತ್ರ ಯೆಜ್ಡಿ. ಯಾದವಗಿರಿ ಫ್ಯಾಕ್ಟರಿಯಿಂದ ಬಂದ ಗಾಡಿ ಅಂದ್ರೆ ನಮ್ಮೂರಲ್ಲಿ ಮನೆ ಮಗ ಇದ್ದಂಗೆ. ಅದರ ಗೇರ್ ಲಿವರನ್ನೇ ಒಳಕ್ಕೆ ಒತ್ತಿ ಮೇಲಕ್ಕೆ ತಿರುಗಿಸಿದ್ರೆ ಕಿಕ್ಕರ್ ಆಗುತ್ತೆ, ಸ್ಟಾರ್ಟ್ ಆದ್ಮೇಲೆ ಅದೇ ಮತ್ತೆ ಗೇರು! ಬೇರೆ ಊರಿನವರು ಯೆಜ್ಡಿ ತಗೊಂಡು ಕಿಕ್ಕರ್ ಎಲ್ಲಿದೆ ಅಂತ ಹುಡುಕೋದನ್ನ ನೋಡೋದೇ ನಮಗೊಂದು ಮಜಾ. ಒಂದು ಲಿವರಿಗೆ ಎರಡು ಕೆಲಸ ಕೊಡ್ಬೇಕು ಅಂತ ಯಾವನೋ ಒಬ್ಬ ಕೂತು ಯೋಚನೆ ಮಾಡಿದ್ದಾನಲ್ಲ, ಆ ಯೋಚನೆ ಕಣ್ಣಿಗೆ ಕಾಣುತ್ತೆ. ಹಳೇ ಗಾಡಿ ನನಗೆ ಹಿಡಿಸೋದು ಹಳೇದು ಅನ್ನೋ ಕಾರಣಕ್ಕಲ್ಲ, ಹೊರಗಿಂದ ನೋಡಿದ್ರೇ ಏನು ತಲೆನೋವಿತ್ತು, ಅದನ್ನ ಹೆಂಗೆ ಬಗೆಹರಿಸಿದ್ರು ಅಂತ ಓದ್ಕೋಬಹುದು ಅನ್ನೋದಕ್ಕೆ. ಈಗಿನ ಗಾಡೀಲಿ ಎಲ್ಲಾ ಪ್ಲಾಸ್ಟಿಕ್ ಮುಚ್ಚಳದ ಕೆಳಗೆ.

(ಸೈಡ್‌ಕಾರ್ ಅಂದ ತಕ್ಷಣ ರಾಮನಗರದ ಬಂಡೆಗಳ ಮಧ್ಯೆ ಶೂಟ್ ಆಗಿ 1975ರಲ್ಲಿ ಬಂದ ಆ ಹಿಂದಿ ಸಿನಿಮಾ ನೆನಪಾಗುತ್ತೆ ಎಲ್ಲರಿಗೂ, ನನಗೂ. ಹೆಸರು ಹೇಳೋದೇ ಬೇಡ. ಅದರಲ್ಲಿರೋದು ಎರಡನೇ ಮಹಾಯುದ್ಧದ ಕಾಲದ ಬ್ರಿಟಿಷ್ ಬೈಕ್ ಬಿಎಸ್ಎ ಡಬ್ಲ್ಯುಎಂ20, 496 ಸಿಸಿ, ಸೈಡ್ ವಾಲ್ವ್ (ವಾಲ್ವ್‌ಗಳು ಸಿಲಿಂಡರಿನ ಪಕ್ಕದಲ್ಲಿರೋ ಹಳೇ ಥರದ ಎಂಜಿನ್), ಬರೀ 13 ಎಚ್‌ಪಿ. ಸುಮಾರು 1,26,000 ಗಾಡಿ ಯುದ್ಧಕ್ಕೆ ಅಂತ ಮಾಡಿದ್ರು. ಯುದ್ಧ ಮುಗಿದ ಮೇಲೆ ನಮ್ಮಲ್ಲೂ ಮಿಲಿಟರಿ ಡಿಸ್ಪೋಸಲ್‌ನಲ್ಲಿ ಸಿಕ್ಕ ಗಾಡಿಗಳು ಅವು.)

ಸರಿ, ಅಕ್ಕಿ ವಿಷಯಕ್ಕೆ ಬರ್ತೀನಿ. ಅಜ್ಜ ಒಂದಿನ "ನೀನು ಓಡಿಸ್ತೀಯಾ?" ಅಂದ್ರು. ಅವರ ತಮ್ಮನ ದ್ರಾಕ್ಷಿ ತೋಟದಲ್ಲಿ ದೊಡ್ಡ ಕಾಂಕ್ರೀಟ್ ಅಂಗಳ ಇದೆ, ಸುಗ್ಗಿ ಟೈಮ್ ಬಿಟ್ರೆ ಖಾಲಿ. ನಾನು ಕಾಲೇಜಿನಿಂದ ಬೈಕ್ ಓಡಿಸ್ದೋನು, ಮಸಿನಗುಡಿಯಿಂದ ಊಟಿಗೆ ಹತ್ತೋ ಆ 36 ಹೇರ್‌ಪಿನ್ ಎಷ್ಟು ಸಲ ಹತ್ತಿದ್ದೀನೋ ಲೆಕ್ಕ ಇಲ್ಲ, ಇದೇನು ಮಹಾ ಅಂತ ಕೂತೆ. ಆ ವಿದ್ಯೆ ಇಲ್ಲಿ ಒಂದೂ ಕೆಲಸಕ್ಕೆ ಬರ್ಲಿಲ್ಲ, ಬರದೇ ಇದ್ರೆ ಹೋಗ್ಲಿ, ಅಡ್ಡ ಬಂತು. ಬೈಕನ್ನ ನಾವು ವಾಲಿಸಿ ತಿರುಗಿಸ್ತೀವಿ, ನಮಗೇ ಗೊತ್ತಿಲ್ಲದೆ ಬಲಕ್ಕೆ ಹೋಗ್ಬೇಕಾದ್ರೆ ಬಲಗಡೆ ಹ್ಯಾಂಡಲನ್ನ ಸಣ್ಣಗೆ ಮುಂದಕ್ಕೆ ತಳ್ತೀವಿ. ಸೈಡ್‌ಕಾರ್ ವಾಲಲ್ಲ. ಮೂರು ಗಾಲಿ ಸೈಕಲ್ ಮೇಲೆ ಕೂತ ಮಗು ಮಾಡುತ್ತಲ್ಲ, ಹಂಗೆ ಹ್ಯಾಂಡಲ್ ಹಿಡಿದು ಎಳೀಬೇಕು. ನಾನು ಅಭ್ಯಾಸ ಬಲದಿಂದ ತಳ್ಳಿದೆ, ಗಾಡಿ ಬಲಕ್ಕೆ ಹೋಗೋ ಬದಲು ಎಡಕ್ಕೆ ಹೋಗಿ ಖಾಲಿ ಕ್ರೇಟುಗಳ ರಾಶಿಗೆ ಗುದ್ದಿ ನಿಂತ್ಕೊಂಡ್ತು. ಅಜ್ಜ ನಗಲಿಲ್ಲ, ಬರೀ ತಲೆ ಆಡಿಸಿದ್ರು, ಎಲ್ಲರೂ ಇದೇ ಕ್ರೇಟಿಗೇ ಗುದ್ದೋದು ಅನ್ನೋ ಥರ.

ಇನ್ನೊಂದಿದೆ. ಆಕ್ಸಲರೇಟರ್ ಕೊಟ್ಟ ತಕ್ಷಣ ಬೈಕ್ ಮುಂದೆ ಹೋಗುತ್ತೆ, ಪಕ್ಕದ ತೊಟ್ಟಿ ಬರಲ್ಲ ಅಂತ ಹಿಂದಕ್ಕೆ ಜಗ್ಗುತ್ತೆ, ಹಾಗಾಗಿ ಗಾಡಿ ಪೂರ್ತಿ ಬಲಕ್ಕೆ ಎಳ್ಕೊಂಡು ಹೋಗುತ್ತೆ. ಬ್ರೇಕ್ ಹಿಡಿದ್ರೆ ಉಲ್ಟಾ, ಬೈಕ್ ನಿಲ್ಲೋಕೆ ನೋಡುತ್ತೆ, ತೊಟ್ಟಿ ಮುಂದೆ ನುಗ್ಗುತ್ತೆ, ಗಾಡಿ ಎಡಕ್ಕೆ. ಎತ್ತು ಏರಿಗೆಳೆದ್ರೆ ಕೋಣ ನೀರಿಗೆಳೀತು ಅಂತ ನಮ್ಮಜ್ಜಿ ಹೇಳ್ತಿದ್ದಿದ್ದು ಯಾರದೋ ಸಂಸಾರದ ಬಗ್ಗೆ ಅಂದ್ಕೊಂಡಿದ್ದೆ ಇಷ್ಟು ದಿನ. ಎಲ್ಲಕ್ಕಿಂತ ಭಯ ಆಗೋದು ಬಲದ ತಿರುವು. ಇಲ್ಲಿ ಸೈಡ್‌ಕಾರ್ ಬಲಗಡೆ ಇರುತ್ತೆ (ನಮ್ಮೂರಲ್ಲಿ ಎಡಗಡೆ, ರಸ್ತೆ ನಿಯಮಕ್ಕೆ ತಕ್ಕಂತೆ), ಖಾಲಿ ಸೈಡ್‌ಕಾರ್ ಇಟ್ಕೊಂಡು ಸ್ವಲ್ಪ ಜೋರಾಗಿ ಬಲಕ್ಕೆ ತಿರುಗಿದ್ರೆ ಅದು ನೆಲ ಬಿಟ್ಟು ಏಳುತ್ತೆ. ಎದ್ದ ತಕ್ಷಣ ಕೈ ತಾನಾಗೇ ಹ್ಯಾಂಡಲ್ ನೇರ ಮಾಡುತ್ತೆ, ತೊಟ್ಟಿ ಏನೋ ಕೆಳಗೆ ಇಳಿಯುತ್ತೆ, ಆದ್ರೆ ನೇರ ಹೋದ್ರೆ ಎದುರು ಬರೋ ಗಾಡಿಯ ದಾರಿ. ಅದಕ್ಕೇ ಕಲಿಯೋರು ತೊಟ್ಟಿಯೊಳಗೆ ಮರಳು ಮೂಟೆ ಹಾಕ್ಕೋತಾರೆ. ನಮ್ಮನೇಲಿ ಮರಳಿಲ್ಲ.

ಈಗ ಈ ಗಾಡಿಯ ವಂಶಾವಳಿ ಹೇಳ್ತೀನಿ, ಹೇಳದೇ ಇದ್ರೆ ಹೊಟ್ಟೆ ಉಬ್ಬರ ಬರುತ್ತೆ ನನಗೆ. ಅಜ್ಜನ ಕೆ-750ರ ಎಂಜಿನ್ 746 ಸಿಸಿ, ಬೋರ್ (ಸಿಲಿಂಡರಿನ ಅಗಲ) 78 ಮಿಲಿಮೀಟರ್, ಸ್ಟ್ರೋಕ್ (ಪಿಸ್ಟನ್ ಓಡಾಡೋ ದೂರ) 78 ಮಿಲಿಮೀಟರ್. ಈ 78ಕ್ಕೆ 78 ಅನ್ನೋ ಅಳತೆ ನೆನಪಿಟ್ಕೊಳ್ಳಿ. 1938ರಲ್ಲಿ ಮ್ಯೂನಿಕ್‌ನ ಬಿಎಂಡಬ್ಲ್ಯು ಆರ್71 ಅಂತ ಒಂದು ಬೈಕ್ ತಂತು, ಸೈಡ್ ವಾಲ್ವ್, 22 ಎಚ್‌ಪಿ, ಹಿಂದಿನ ಗಾಲಿ ತಿರುಗಿಸೋಕೆ ಚೈನ್ ಇಲ್ಲ, ಶಾಫ್ಟ್ ಅನ್ನೋ ತಿರುಗೋ ಕಂಬಿ, ಅದರದು 78ಕ್ಕೆ 78. ಸೋವಿಯತ್ ಸೈನ್ಯಕ್ಕೆ ಇದು ಇಷ್ಟ ಆಯ್ತು. ಸ್ವೀಡನ್ ಮೂಲಕ ಗುಟ್ಟಾಗಿ ಐದು ಗಾಡಿ ತರಿಸಿ ನಟ್ಟು ಬೋಲ್ಟು ಬಿಚ್ಚಿ ನಕಲು ಮಾಡಿದ್ರು ಅಂತ ಒಂದು ಕಥೆ ಎಲ್ಲಾ ಕಡೆ ಓಡಾಡುತ್ತೆ; 1939ರಲ್ಲಿ ಹಿಟ್ಲರ್-ಸ್ಟಾಲಿನ್ ಒಪ್ಪಂದ ಇತ್ತಲ್ಲ, ಕದಿಯೋ ಅಗತ್ಯ ಏನಿತ್ತು ಅನ್ನೋರೂ ಇದ್ದಾರೆ. ನನಗೆ ಎರಡನೆಯವರ ಮಾತೇ ಸರಿ ಅನ್ಸುತ್ತೆ, ಆದ್ರೆ ಮೊದಲನೇ ಕಥೆ ಹೇಳೋಕೆ ಚೆನ್ನಾಗಿದೆ. ಅಂತೂ ಎಂ-72 ಅಂತ ಹೆಸರಿಟ್ಟು 1941ರಲ್ಲಿ ಮಾಸ್ಕೋದಲ್ಲಿ ಶುರು ಮಾಡಿದ್ರು, ಅಷ್ಟರಲ್ಲಿ ಜರ್ಮನ್ ಸೈನ್ಯ ಮಾಸ್ಕೋ ಬಾಗಿಲಿಗೇ ಬಂತು. ಮೆಷಿನ್ನುಗಳನ್ನೆಲ್ಲ ಕಿತ್ತು ಉರಾಲ್ ಬೆಟ್ಟಗಳಾಚೆ ಇರ್ಬಿಟ್ ಅನ್ನೋ ಊರಿಗೆ ಸಾಗಿಸಿದ್ರು. ಇರ್ಬಿಟ್ ಅಂದ್ರೆ ಒಂದು ಕಾಲಕ್ಕೆ ರಷ್ಯಾದ ದೊಡ್ಡ ಜಾತ್ರೆಗಳಲ್ಲಿ ಒಂದು ನಡೀತಿದ್ದ ಊರು, ಅಲ್ಲಿ ಫ್ಯಾಕ್ಟರಿಗೆ ಅಂತ ಸಿಕ್ಕಿದ್ದು ಒಂದು ಬಿಯರ್ ಕಾಯಿಸೋ ಕಟ್ಟಡ. ಆ ಕಟ್ಟಡದಿಂದ 1942ರ ಫೆಬ್ರವರಿಯಲ್ಲಿ ಮೊದಲ ಗಾಡಿಗಳು ಯುದ್ಧಕ್ಕೆ ಹೊರಟ್ವು, ಯುದ್ಧ ಮುಗಿಯೋ ಹೊತ್ತಿಗೆ 9,799.

ಅಂದ್ರೆ ಯೋಚನೆ ಮಾಡಿ, ಮುಂದೆ ಬರ್ತಿರೋ ಜರ್ಮನ್ನರ ಸೈಡ್‌ಕಾರನ್ನ ತಡೆಯೋಕೆ ಹೋಗ್ತಿರೋ ರಷ್ಯನ್ನರ ಕೆಳಗಿರೋದೂ ಜರ್ಮನ್ ಡಿಸೈನೇ. ಅಮೆರಿಕದವರು ಸುಮ್ನಿರ್ತಾರಾ, ಹಾರ್ಲೆ ಕಂಪನಿ ಇದನ್ನೇ ನೋಡ್ಕೊಂಡು 1942ರಲ್ಲಿ ಎಕ್ಸ್‌ಎ ಅಂತ ಸುಮಾರು ಸಾವಿರ ಗಾಡಿ ಮಾಡ್ತು. ಮರುಭೂಮಿ ಮರಳು ಚೈನನ್ನ ತಿಂದು ಹಾಕುತ್ತೆ, ಶಾಫ್ಟಿಗೆ ಅಷ್ಟು ತೊಂದ್ರೆ ಇಲ್ಲ, ಗಾಳಿಗೆ ಚಾಚ್ಕೊಂಡ ಸಿಲಿಂಡರ್ ತಣ್ಣಗೂ ಇರುತ್ತೆ, ಎಲ್ಲಾ ಲೆಕ್ಕ ಸರಿ ಇತ್ತು, ಆದ್ರೆ ಜೀಪ್ ಬಂತು, ಇದರ ಕಥೆ ಅಲ್ಲಿಗೆ ಮುಗೀತು. ಯುದ್ಧ ಆದ್ಮೇಲೆ ಎಂ-72 ಕೀವ್‌ಗೆ ಹೋಗಿ ಕೆ-750 ಆಯ್ತು, ಚೀನಾದ ನಾನ್‌ಚಾಂಗ್‌ನ ವಿಮಾನ ಕಾರ್ಖಾನೆಗೆ ಹೋಗಿ ಚಾಂಗ್‌ಜಿಯಾಂಗ್ 750 ಆಯ್ತು. ಅದರದೂ 78ಕ್ಕೆ 78! ಅಜ್ಜಿ ಕೈಯಿಂದ ಮೊಮ್ಮಗಳ ಕೈಗೆ ಬಂದ ಬೇಳೆ ಅಳೆಯೋ ಪಾವಿನ ಹಾಗೆ ಈ ಅಳತೆ ದೇಶ ದೇಶ ಸುತ್ತಿದೆ. ಇರ್ಬಿಟ್‌ನವರು ಮಾತ್ರ ಉರಾಲ್ ಅನ್ನೋ ಹೆಸರಲ್ಲಿ ಇವತ್ತಿಗೂ ಸೈಡ್‌ಕಾರ್ ಮಾಡ್ತಾರೆ, ಎಂಜಿನ್ ಬದಲಾಗಿದೆ, ಫ್ಯೂಯೆಲ್ ಇಂಜೆಕ್ಷನ್ ಬಂದಿದೆ. 2022ರಲ್ಲಿ ಉಕ್ರೇನ್ ಯುದ್ಧ ಶುರುವಾದ್ಮೇಲೆ ಜೋಡಿಸೋ ಕೆಲಸವನ್ನ ಕಜಾಕಿಸ್ತಾನದ ಪೆಟ್ರೊಪಾವ್ಲ್‌ಗೆ ಒಯ್ದರು. ಇನ್ನೊಂದು ಯುದ್ಧ, ಇನ್ನೊಂದು ಸಲ ಗಂಟುಮೂಟೆ.

ಯುದ್ಧಕ್ಕೆ ಅಂತಲೇ ಹುಟ್ಟಿದ ದೈತ್ಯರು ಬೇರೆ ಇದ್ದಾರೆ, ಜರ್ಮನ್ ಸೈನ್ಯದ ಬಿಎಂಡಬ್ಲ್ಯು ಆರ್75 ಮತ್ತೆ ತ್ಸುಂಡಾಪ್ ಕೆಎಸ್750. ಇವುಗಳಲ್ಲಿ ಸೈಡ್‌ಕಾರಿನ ಗಾಲಿಗೂ ಎಂಜಿನ್ ಶಕ್ತಿ ಹೋಗುತ್ತೆ, ಮಧ್ಯೆ ಡಿಫರೆನ್ಷಿಯಲ್ (ಎರಡು ಗಾಲಿ ಬೇರೆ ಬೇರೆ ವೇಗದಲ್ಲಿ ತಿರುಗೋಕೆ ಬಿಡೋ ಗೇರು) ಇದೆ, ಕೆಸರಲ್ಲಿ ಸಿಕ್ಕಾಕ್ಕೊಂಡ್ರೆ ಅದನ್ನ ಲಾಕ್ ಮಾಡಬಹುದು, ರಿವರ್ಸ್ ಗೇರ್ ಇದೆ, ಗುಡ್ಡಕ್ಕೆ ಬೇರೆ ಲೋ ಗೇರು. ಹಿಂದಿನ ಗಾಲಿಗೂ ಪಕ್ಕದ ಗಾಲಿಗೂ ಹೈಡ್ರಾಲಿಕ್ ಬ್ರೇಕ್, ಅದೂ 1941ರಲ್ಲಿ, ನಮ್ಮಪ್ಪನ ಯೆಜ್ಡಿಗೆ ಕೊನೇವರೆಗೂ ಇರಲಿಲ್ಲ. ತ್ಸುಂಡಾಪ್‌ದು ಇನ್ನೂ ಮಜಾ, ಎರಡು ಸಿಲಿಂಡರ್ ಒಂದೇ ನೇರಕ್ಕೆ ಇಲ್ಲ, 170 ಡಿಗ್ರಿ, ಅಂದ್ರೆ ಎರಡೂ ಕಡೆ ಐದೈದು ಡಿಗ್ರಿ ಮೇಲಕ್ಕೆ, ಕಲ್ಲು ತಾಗದೆ ಇರಲಿ ಅಂತ. ಲುಂಗಿ ಎತ್ತಿ ಕಟ್ಟಿ ಹಳ್ಳ ದಾಟೋ ಹಂಗೆ. ಆರ್75ರ ಏರ್ ಫಿಲ್ಟರನ್ನ ಆಮೇಲೆ ಧೂಳಿನ ಕಾಟಕ್ಕೆ ಪೆಟ್ರೋಲ್ ಟ್ಯಾಂಕಿನ ಮೇಲಕ್ಕೆ ತಂದು ಹೆಲ್ಮೆಟ್ ಥರದ ಮುಚ್ಚಳ ಹಾಕಿದ್ರು. ಸೈಡ್‌ಕಾರ್ ಸೇರಿ 400 ಕೆಜಿ ಮೇಲೆ ತೂಕ. ಇಷ್ಟೆಲ್ಲ ತುಂಬಿದ್ರೆ ಖರ್ಚು ಬಿಡುತ್ತಾ, ಜೀಪಿನ ಥರದ ಸಾದಾ ನಾಲ್ಕು ಗಾಲಿ ಕ್ಯುಬೆಲ್‌ವಾಗನ್ ಇದೇ ಕೆಲಸ ಸಲೀಸಾಗಿ ಮಾಡೋಕೆ ಶುರು ಮಾಡ್ತು. ಸೈಡ್‌ಕಾರಿನ ಹಣೆಬರಹವೇ ಇಷ್ಟು. ಬೈಕಿಗಿಂತ ಭಾರ, ಕಾರಿಗಿಂತ ಕಷ್ಟ.

ಒಂದು ವಿಷಯ ಮಾತ್ರ ನನಗೆ ಸೇರಲ್ಲ, ಹೇಳ್ಬಿಡ್ತೀನಿ. ಚೀನಾದ ಚಾಂಗ್‌ಜಿಯಾಂಗ್ ತಗೊಂಡು ಬೂದಿ ಬಣ್ಣ ಬಳಿದು ಬಿಎಂಡಬ್ಲ್ಯು ಬ್ಯಾಡ್ಜ್ ಅಂಟಿಸಿ, ತೊಟ್ಟಿ ಮೇಲೆ ಡಮ್ಮಿ ಮೆಷಿನ್ ಗನ್ ಕೂರಿಸಿ, ತಾವೂ ಯೂನಿಫಾರ್ಮ್ ಹಾಕ್ಕೊಂಡು ಫೋಟೋ ತೆಗೆಸ್ಕೊಳ್ಳೋರು ಇದ್ದಾರಲ್ಲ, ಅದು. ಗಾಡಿಗೂ ಸುಳ್ಳು, ಇತಿಹಾಸಕ್ಕೂ ಸುಳ್ಳು. ನಮ್ಮಜ್ಜನ ಗಾಡಿ ಆಕಾಶ ನೀಲಿ. ತಂದಾಗ ಮಿಲಿಟರಿ ಹಸಿರು ಇತ್ತಂತೆ, ಮೊದಲ ವಾರದಲ್ಲೇ ಉಜ್ಜಿ ತೆಗೆದ್ರಂತೆ. ಯಾಕೆ ಅಂತ ಕೇಳಿದ್ದಕ್ಕೆ ಗ್ಯಾರೇಜಿನ ಗೋಡೆ ಮೇಲಿನ ಒಂದು ಸಣ್ಣ ಕಪ್ಪು-ಬಿಳುಪು ಫೋಟೋ ಕಡೆ ಸ್ಪ್ಯಾನರ್ ತೋರಿಸಿದ್ರು ಅಷ್ಟೇ. ಅವರಪ್ಪ. ಪೂರ್ವದ ಕಡೆ ಹೋದವರು, ಮಗನ್ನ ನೋಡೋಕೆ ವಾಪಸ್ ಬಂದಿಲ್ಲ. ಆಮೇಲೆ ನಾನೂ ಕೇಳ್ಲಿಲ್ಲ, ಕಾರ್ಬ್ಯುರೇಟರ್ ಕಡೆ ತಿರುಗಿದ್ವಿ.

ಈ ಹುಚ್ಚಿಗೆ ನಮ್ಮ ಏರಿಯಾ ಬೇರೆ ಕುಮ್ಮಕ್ಕು ಕೊಡುತ್ತೆ. ಹೈಲ್‌ಬ್ರಾನ್ ಪಕ್ಕದ ನೆಕ್ಕರ್ಸುಲ್ಮ್‌ನಲ್ಲೇ ಎನ್‌ಎಸ್‌ಯು ಅನ್ನೋ ಬೈಕ್ ಕಂಪನಿ ಇದ್ದಿದ್ದು, ಅವರು ಮಾಡಿದ ಕೆಟ್ಟೆನ್‌ಕ್ರಾಡ್ ಅನ್ನೋ ಪ್ರಾಣೀನ ಅರ್ಧ ಗಂಟೆ ದೂರದ ಸಿನ್ಸ್‌ಹೈಮ್ ಮ್ಯೂಸಿಯಂನಲ್ಲಿ ನೋಡಿದೆ. ಆ ಮ್ಯೂಸಿಯಂ ಚಾವಣಿ ಮೇಲೆ ಕಾಂಕಾರ್ಡ್ ವಿಮಾನ ಇದೆ, ಜನ ಅದನ್ನ ನೋಡೋಕೆ ಬರ್ತಾರೆ, ನಾನು ಕೆಳಗೆ ಇದರ ಮುಂದೆ ಮುಕ್ಕಾಲು ಗಂಟೆ ನಿಂತಿದ್ದೆ. ಮುಂದೆ ಬೈಕಿನ ಹ್ಯಾಂಡಲ್ ಮತ್ತೆ ಒಂದು ಗಾಲಿ, ಹಿಂದೆ ಟ್ಯಾಂಕರಿನ ಥರ, ಅಯ್ಯೋ ಟ್ಯಾಂಕರ್ ಅಲ್ಲ, ಯುದ್ಧದ ಟ್ಯಾಂಕಿನ ಥರ ಎರಡು ಪಟ್ಟಿ, ಮಧ್ಯದಲ್ಲಿ ಓಪೆಲ್ ಒಲಿಂಪಿಯಾ ಕಾರಿನ 36 ಎಚ್‌ಪಿ ಎಂಜಿನ್. ಒಂದು ಟನ್ ಮೇಲೆ ತೂಕ. ಹ್ಯಾಂಡಲ್ ಸ್ವಲ್ಪ ತಿರುಗಿಸಿದ್ರೆ ಮುಂದಿನ ಗಾಲಿ ತಿರುಗುತ್ತೆ, ಇನ್ನೂ ತಿರುಗಿಸಿದ್ರೆ ಆ ಕಡೆಯ ಪಟ್ಟಿಗೆ ತಾನಾಗೇ ಬ್ರೇಕ್ ಬೀಳುತ್ತೆ. ಕೇಬಲ್ ಎಳೆಯೋಕೆ, ಫಿರಂಗಿ ಎಳೆಯೋಕೆ, ಪೆಟ್ರೋಲ್ ಉಳಿಸೋಕೆ ಅಂತ ಜೆಟ್ ವಿಮಾನವನ್ನ ರನ್‌ವೇವರೆಗೂ ಎಳೆಯೋಕೆ ಇದನ್ನ ಬಳಸಿದ್ರು. ಯುದ್ಧ ಮುಗಿದ್ಮೇಲೂ ಒಂದಷ್ಟು ಮಾಡಿ ರೈತರಿಗೆ ಮಾರಿದ್ರು! ಈಗಿನ ನಮ್ಮ ಪವರ್ ಟಿಲ್ಲರಿಗೆ ಇದು ದೊಡ್ಡಪ್ಪ ಆಗಬೇಕು.

ಹಳೇ ಗಾಡಿ ಮೇಳ ಒಂದರಲ್ಲಿ ಮೆಸ್ಸರ್‌ಶ್ಮಿಟ್ ಕೆಆರ್200 ಸಿಕ್ತು, 1955ರ ಡಿಸೈನ್, ಮೂರು ಗಾಲಿ, ಗಾಜಿನ ಗುಮ್ಮಟದೊಳಗೆ ಹಿಂದೊಬ್ಬ ಮುಂದೊಬ್ಬ ಕೂರೋದು, ವಿಮಾನ ಮಾಡ್ತಿದ್ದ ಕಂಪನಿ ವಿಮಾನ ಮಾಡೋ ಹಾಗಿಲ್ಲ ಅಂದಾಗ ಮಾಡಿದ್ದು. ಅದಕ್ಕೆ ರಿವರ್ಸ್ ಗೇರಿಲ್ಲ. ಹಿಂದಕ್ಕೆ ಹೋಗ್ಬೇಕಂದ್ರೆ ಎಂಜಿನ್ ಆಫ್ ಮಾಡಿ, ಕೀ ಇನ್ನಷ್ಟು ಒತ್ತಿ ಸ್ಟಾರ್ಟ್ ಮಾಡಿದ್ರೆ ಟೂ ಸ್ಟ್ರೋಕ್ ಎಂಜಿನ್ ಉಲ್ಟಾ ತಿರುಗೋಕೆ ಶುರು ಮಾಡುತ್ತೆ, ಆಗ ನಾಲ್ಕು ಗೇರಲ್ಲೂ ಹಿಂದಕ್ಕೆ ಹೋಗಬಹುದು. ನಾಲ್ಕನೇ ಗೇರಲ್ಲಿ ಹಿಂದಕ್ಕೆ ಹೋಗೋ ಗಂಡೆದೆ ಯಾರಿಗಿದೆ ನೋಡ್ಬೇಕು. ಅಲ್ಲೇ ಪಕ್ಕದಲ್ಲಿ ಜೆಕ್ ದೇಶದ ವೆಲೊರೆಕ್ಸ್, ಕಬ್ಬಿಣದ ಪೈಪಿನ ಗೂಡಿಗೆ ರೆಕ್ಸಿನ್ ಹೊದಿಸಿ ಗುಂಡಿ ಹಾಕಿರೋ ಮೂರು ಗಾಲಿ ಕಾರು. ಹಿಂದೆ ಹೋಗಿ ಬಗ್ಗಿ ನೋಡಿದ್ರೆ ಜಾವಾ ಎಂಜಿನ್, ನಮ್ಮ ಯಾದವಗಿರಿ ಯೆಜ್ಡಿಯ ನೆಂಟ! ಮನೆಗೆ ವಿಡಿಯೋ ಕಾಲ್ ಮಾಡಿ ಅಪ್ಪನಿಗೆ ತೋರಿಸ್ದೆ. "ಎಂಜಿನ್ ಚೆನ್ನಾಗಿದೆ ಕಣೋ, ಛತ್ರಿ ಬಟ್ಟೆ ಯಾಕೆ ಸುತ್ತಿದಾರೆ?" ಅಂದ್ರು.

ನಮ್ಮ ದೇಶದವರೇನು ಕಮ್ಮಿ ಇಲ್ಲ. ದೆಹಲಿಯಲ್ಲಿ ಯುದ್ಧದ ಡಿಸ್ಪೋಸಲ್ ಹಾರ್ಲೆಗಳನ್ನ ಹಿಂದೆ ಡಬ್ಬ ಕಟ್ಟಿ ಫಟ್‌ಫಟಿ ಅಂತ ದಶಕಗಟ್ಟಲೆ ಓಡಿಸಿದ್ರು, ಎಂಜಿನ್ ಸತ್ತ ಮೇಲೆ ನೀರೆತ್ತೋ ಡೀಸೆಲ್ ಎಂಜಿನ್ ಕೂರಿಸಿ ಓಡಿಸಿದ್ರು. ಎನ್‌ಫೀಲ್ಡ್‌ನವರ ಟಾರಸ್ ಡೀಸೆಲ್ ನೆನಪಿದ್ಯಾ, ಬುಲೆಟ್ ಮೈಗೆ 325 ಸಿಸಿಯ 6.5 ಎಚ್‌ಪಿ ಡೀಸೆಲ್ ಎಂಜಿನ್, ನಮ್ಮಮ್ಮನ ಊರಲ್ಲಿ ಹಾಲಿನವನ ಹತ್ರ ಒಂದಿತ್ತು, ಕ್ಯಾನು ತಗಲಾಕ್ಕೊಂಡು ಬರ್ತಿದ್ರೆ ಗಾಡಿಗಿಂತ ಮೊದಲು ಮನೆ ಕಿಟಕಿ ಗಾಜು ನಡುಗ್ತಿದ್ವು. ಆಗ ನಗ್ತಿದ್ದೆ, ಈಗ ಯಾರಾದ್ರೂ ಕೊಟ್ರೆ ಕಣ್ಣಿಗೊತ್ತಿ ಇಟ್ಕೋತೀನಿ.

ಇಷ್ಟರಲ್ಲಿ ನಾನು ಓಡಿಸೋದು ಸುಮಾರಾಗಿ ಕಲಿತೆ. ಮಧ್ಯದಲ್ಲಿ ಒಂದು ಶನಿವಾರ ಪೂರ್ತಿ ಗಾಡಿ ಸೆಟ್ ಮಾಡೋದ್ರಲ್ಲೇ ಹೋಯ್ತು. ಸೈಡ್‌ಕಾರಿನ ಗಾಲಿ ಬೈಕಿನ ಗಾಲಿಗೆ ಸಮಾನಾಂತರ ಇರಬಾರದು, ಮುಂದುಗಡೆ ಒಂಚೂರು ಒಳಕ್ಕೆ ತಿರುಗಿರಬೇಕು, ಬೈಕು ಸೈಡ್‌ಕಾರಿನಿಂದ ಆಚೆಗೆ ಒಂದೆರಡು ಡಿಗ್ರಿ ವಾಲಿ ನಿಂತಿರಬೇಕು, ಆಗಲೇ ನೇರ ರಸ್ತೇಲಿ ನೇರ ಹೋಗೋದು. ಎರಡು ಉದ್ದನೆ ಮರದ ಪಟ್ಟಿ ಗಾಲಿಗಳಿಗೆ ಆನಿಸಿ ಟೇಪ್ ಹಿಡಿದು ಹಿಂದೆ ಎಷ್ಟು ಮುಂದೆ ಎಷ್ಟು ಅಂತ ಅಳೆಯೋದು, ಸಡಿಲ ಮಾಡೋದು, ಬಿಗಿ ಮಾಡೋದು, ಓಡಿಸಿ ನೋಡೋದು, ಬೈಕೊಳ್ಳೋದು, ಮತ್ತೆ ಬಿಚ್ಚೋದು. ಟ್ಯಾಂಕಿನ ಮೇಲೆ ಒಂದು ಮುಚ್ಚಳ ಇದೆ, ಅದರ ಕೆಳಗೆ ಸ್ಪ್ಯಾನರುಗಳು ಮಲಗಿರ್ತವೆ, ಅಷ್ಟರಲ್ಲೇ ಗಾಡಿ ಅರ್ಧ ಬಿಚ್ಚಬಹುದು. ಸಾಯಂಕಾಲ ಕೈಯೆಲ್ಲ ಗ್ರೀಸು, ಮನಸ್ಸು ಹಗುರ, ಆಫೀಸಲ್ಲಿ ವರ್ಷಕ್ಕೊಂದು ಸಲ ಕೂಡ ಇಂಥ ನಿದ್ದೆ ತರೋ ಕೆಲಸ ಸಿಗಲ್ಲ.

ಮೊನ್ನೆ ಶನಿವಾರ ಹೆಂಡತೀನೂ ಅಂಗಳಕ್ಕೆ ಬಂದ್ಲು. ಅಕ್ಕಿ ಮುಗಿದಿದೆ, ಒಂದು ಮೂಟೆ ವಾಪಸ್ ಬೇಕು ಅಂತ. ಒಂದು ಮೂಟೆ ಇಳಿಸಿದ್ವಿ, ತೂಕ ಕಮ್ಮಿ ಆಯ್ತಲ್ಲ ಅಂತ ಅಜ್ಜ ತೊಟ್ಟಿ ಕಡೆ ಕೈ ತೋರಿಸಿ ಅವಳನ್ನ ಕೂರೋಕೆ ಹೇಳಿದ್ರು. ಕೂತ್ಲು. "ನಂದು ಎಷ್ಟು ಮೂಟೆ ಅಂತ ಲೆಕ್ಕ ಹಾಕಿದ್ರೆ ನೋಡಿ" ಅಂತ ಒಂದು ಎಚ್ಚರಿಕೆ ಕೊಟ್ಲು. ಎರಡು ಸುತ್ತು ಹೋದ್ವಿ, ಮೂರನೇ ಸುತ್ತಲ್ಲಿ ಬಲಕ್ಕೆ ತಿರುಗೋವಾಗ ನಾನು ಏನೂ ಹೇಳಿರ್ಲಿಲ್ಲ, ಅವಳೇ ತೊಟ್ಟಿಯ ಬಲ ಅಂಚು ಹಿಡ್ಕೊಂಡು ಮೈಯೆಲ್ಲ ಆಚೆ ಚಾಚಿದ್ಲು, ಗಾಲಿ ನೆಲ ಬಿಡಲೇ ಇಲ್ಲ. ಚಿಕ್ಕಂದಿನಲ್ಲಿ ಅವರಪ್ಪನ ಲ್ಯಾಂಬ್ರೆಟಾಗೂ ಸೈಡ್‌ಕಾರ್ ಇತ್ತಂತೆ, ಏಳು ವರ್ಷದ ಸಂಸಾರದಲ್ಲಿ ಈ ವಿಷಯ ಒಂದು ಸಲಾನೂ ಬಾಯಿ ಬಿಟ್ಟಿರ್ಲಿಲ್ಲ.

ಎರಡನೇ ಮೂಟೇನೂ ಇನ್ಮೇಲೆ ಮನೆಗೆ ತಗೊಂಡ್ಹೋಗು ಅಂದ್ರು ಅಜ್ಜ. ತಂದಿದ್ದೀನಿ. ಅಕ್ಕಿಗೆ ಸ್ವಲ್ಪ ಪೆಟ್ರೋಲ್ ವಾಸನೆ ಹಿಡಿದಿದೆ, ಪುಳಿಯೋಗರೆ ಮಾಡಿದ್ರೆ ಗೊತ್ತಾಗ್ತಿಲ್ಲ.